ಪಾಲುದಾರರ ಭೇಟಿ ಪೊಲೀಸ್ ಠಾಣೆಯಲ್ಲಿ

2023ರಲ್ಲಿ ಬೆಂಗಳೂರಿನ ಕನ್ನಿಂಗ್‌ಹ್ಯಾಮ್ ರಸ್ತೆಯ ಒಂದು ಬಸ್ ತಂಗುದಾಣ ಕಾಣೆಯಾಯಿತು. ಸ್ಟೀಲಿನದು, ಬೆಲೆ 10 ಲಕ್ಷ ರೂಪಾಯಿ. ವಿಧಾನಸೌಧ ಅಲ್ಲಿಂದ ಅಂಥ ದೂರವೇನೂ ಇಲ್ಲ. ಕಟ್ಟಿದ ಕಂಪನಿ ಹೋಗಿ ಕಳ್ಳತನದ ದೂರು ಕೊಟ್ಟಿತು. ಪೊಲೀಸರು ಹುಡುಕಿದರೆ ಸಿಕ್ಕಿದ್ದು ಕಳ್ಳನಲ್ಲ, ಬಿಬಿಎಂಪಿ! ಕೆಲಸ ಸರಿಯಿಲ್ಲ ಅಂತ ಪಾಲಿಕೆಯವರೇ ಬಿಚ್ಚಿಕೊಂಡು ಹೋಗಿದ್ದರಂತೆ.

ಕಟ್ಟಿಸಿದವರಿಗೂ ಕಟ್ಟಿದವರಿಗೂ ನಡುವೆ ಒಂದು ಫೋನ್ ಕರೆ ಇಲ್ಲ, ಎಫ್‌ಐಆರ್ ಇದೆ. ಸಾರ್ವಜನಿಕ-ಖಾಸಗಿ ಸಹಭಾಗಿತ್ವ, ಅಂದರೆ ಪಿಪಿಪಿ, ಹೇಗೆ ನಡೆಯುತ್ತೆ ಅಂತ ಎಂಬಿಎ ಹುಡುಗರು ಕೇಳಿದರೆ ಈ ಕಥೆ ಹೇಳಿ ಸಾಕು.

ಕಾಗದದ ಮೇಲೆ ಪಿಪಿಪಿ ಬಲು ಚಂದ. ಜಾಗ ಸರ್ಕಾರದ್ದು, ದುಡ್ಡು ಕಂಪನಿಯದು. ಗಿಟ್ಟಲ್ಲ ಅಂದರೆ ಕೇಂದ್ರದ ಸ್ಕೀಮಿನಲ್ಲಿ ವೆಚ್ಚದ ಶೇ 20ರವರೆಗೆ ಅನುದಾನ ಸಿಗುತ್ತದೆ. ಯೋಜನೆ ಮಾಡಿಸುವ ಸರ್ಕಾರ ಇನ್ನೊಂದು 20 ಸೇರಿಸಬಹುದು. ಅದೆಲ್ಲ ನಮ್ಮ ತೆರಿಗೆ ದುಡ್ಡು. ಆಮೇಲೆ ಟೋಲ್ ಕಟ್ಟುವವರು ನಾವು. ಅಂದರೆ ಎರಡು ಸಲ ಕೊಡುವವರೂ ನಾವೇ, ಅಲ್ವಾ?

ನಿಜವಾದ ಮಜಾ ಸಮನ್ವಯ ಸಭೆಯಲ್ಲಿದೆ. ರಸ್ತೆ ಪಾಲಿಕೆಯದು. ಕೆಳಗಿನ ಪೈಪು ಜಲಮಂಡಳಿಯದು, ಕೇಬಲ್ಲು ಬೆಸ್ಕಾಂನದು, ಮೇಲೆದ್ದ ಕಂಬ ಮೆಟ್ರೋದು. ನಡುವೆ ಸಿಕ್ಕಿಹಾಕಿಕೊಂಡ ಬಸ್ಸು ಬಿಎಂಟಿಸಿಯದು. ಕನ್ಸಲ್ಟೆಂಟ್ ಪರದೆಯ ಮೇಲೆ ಬಾಣ ಎಳೆದು ಎಲ್ಲರನ್ನೂ ಎಲ್ಲರಿಗೂ ಜೋಡಿಸುತ್ತಾನೆ. ಮಾತು ಮಾತ್ರ ಹೀಗೆ ಸಾಗುತ್ತದೆ:

"ಸರ್, ಪೈಪ್ ಶಿಫ್ಟ್ ಆದ್ರೆ ನಾಳೆನೇ ಕೆಲಸ ಶುರು."

"ಮೊದಲು ಎಸ್ಟಿಮೇಟ್ ದುಡ್ಡು ಕಟ್ಟಿ."

"ಅಗ್ರಿಮೆಂಟ್ ಪ್ರಕಾರ ಅದು ನಿಮ್ಮ ಕಡೆಯದ್ದಲ್ವಾ ಸರ್?"

"ಯಾವ ಅಗ್ರಿಮೆಂಟು? ನಮಗೆ ಕಾಪಿನೇ ಬಂದಿಲ್ಲ."

ಅಷ್ಟೊತ್ತಿಗೆ ತಟ್ಟೆಯ ಗೋಡಂಬಿ ಖಾಲಿ. ಮುಂದಿನ ಸಭೆಯ ದಿನಾಂಕವೊಂದು ನಿಕ್ಕಿಯಾಗುತ್ತದೆ, ಅದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು, ಮೇಲೊಂದು ಪ್ರಾಧಿಕಾರ. ಇನ್ನು ಕುರ್ಚಿ ಜಾಸ್ತಿ ಬೇಕು.

ಸುಮ್ನೆ ಬೈಯಬಾರದು. ದೇವನಹಳ್ಳಿಯ ವಿಮಾನ ನಿಲ್ದಾಣವೂ ಪಿಪಿಪಿಯೇ. 2008ರಿಂದ ಚೆನ್ನಾಗಿ ನಡೆಯುತ್ತಿದೆ. ಶುರುವಿನಲ್ಲಿ ರಾಜ್ಯದ ಪಾಲು ಶೇ 13, ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರದ್ದು 13, ಉಳಿದ 74 ಖಾಸಗಿಯವರದು. ಯಾರ ಮಾತು ನಡೆಯಬೇಕು ಅನ್ನುವುದು ಅಲ್ಲಿ ಮೊದಲೇ ಗೊತ್ತಿತ್ತು. ಊರೊಳಗೆ ಆ ಭಾಗ್ಯ ಇಲ್ಲ.

ಬೆಂಗಳೂರು-ಮೈಸೂರು ಕಾರಿಡಾರ್ ನೋಡಿ. 1997ರ ಒಪ್ಪಂದ. 111 ಕಿ.ಮೀ. ಎಕ್ಸ್‌ಪ್ರೆಸ್‌ವೇ ಮೈಸೂರು ಮುಟ್ಟಬೇಕಿತ್ತು. ಬೆಂಗಳೂರಿನ ಅಂಚಿನ ರಸ್ತೆ ಆಯಿತು, ಟೋಲ್ ಗೇಟೂ ಆಯಿತು, ಮೈಸೂರು ಇದ್ದಲ್ಲೇ ಇದೆ. ಸರ್ಕಾರ, ಕಂಪನಿ, ರೈತರು ಮೂವರೂ ತಪ್ಪದೆ ಸೇರುವ ಜಾಗ ಅಂದರೆ ಕೋರ್ಟು. ಕಾದು ಕಾದು 2023ರಲ್ಲಿ ಕೇಂದ್ರದವರದೇ ಬೇರೆ ಹೆದ್ದಾರಿ ಉದ್ಘಾಟನೆಯಾಯಿತು. ಅದಕ್ಕೂ ಟೋಲ್ ಇದೆ, ಬೇಸರ ಬೇಡ.

ಬೆಂಗಳೂರಿನ ಹೊರವಲಯದ ಪೆರಿಫೆರಲ್ ರಿಂಗ್ ರಸ್ತೆಯದ್ದು ಇನ್ನೂ ಸೊಗಸು. ಸುಮಾರು ಎರಡು ದಶಕದಿಂದ ನಕ್ಷೆಯಲ್ಲೇ ಸುತ್ತುತ್ತಿದೆ. ಪಿಪಿಪಿ ಅಂತ ಟೆಂಡರ್ ಕರೆದರು, ಕೈಗೂಡಲಿಲ್ಲ. ಆಗ ದೊಡ್ಡವರು ಗಟ್ಟಿ ಮನಸ್ಸು ಮಾಡಿ ಹೆಸರು ಬದಲಾಯಿಸಿದರು. ಈಗದು ಬೆಂಗಳೂರು ಬಿಸಿನೆಸ್ ಕಾರಿಡಾರ್. ಅಳಿಯ ಅಲ್ಲ, ಮಗಳ ಗಂಡ. ಇಷ್ಟು ವರ್ಷ ಜಮೀನಿನ ಪರಿಹಾರಕ್ಕೆ ಕಾದ ರೈತ, ಅರ್ಜಿಯಲ್ಲಿ ರಸ್ತೆಯ ಹೆಸರು ತಿದ್ದಿಕೊಂಡು ಮತ್ತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಮೆಟ್ಟಿಲು ಹತ್ತಬೇಕು.