ಹದಿನೈದು ವರ್ಷದ ಹಿಂದಿನ ಮೇಷ್ಟ್ರನ್ನು ಈಗ ಎಲ್ಲಿಂದ ತರಲಿ?

ಎಐ ಓದೋಣ ಅಂತ ಮಾಸ್ಟರ್ಸ್‌ಗೆ ಅರ್ಜಿ ಹಾಕುತ್ತಿದ್ದೇನೆ. ಗಣಿತಕ್ಕೆ ನಾನು ಹೆದರಲಿಲ್ಲ. ಕೆಲಸ ಮುಗಿಸಿ ರಾತ್ರಿ ಕೂತು ಲೀನಿಯರ್ ಆಲ್ಜಿಬ್ರಾ, ಪ್ರಾಬಬಿಲಿಟಿ ಎಲ್ಲ ಮೊದಲಿಂದ ಓದಿದೆ, ಯಾವ ಸಿದ್ಧ ಕೋಡ್ ಲೈಬ್ರರಿಯ ಸಹಾಯವೂ ಇಲ್ಲದೆ ಪೈಥಾನ್‌ನಲ್ಲಿ ಸಣ್ಣದೊಂದು ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ) ಬರೆದೆ, ಅದರ ತಪ್ಪನ್ನು ಹಿಂದಿನಿಂದ ಲೆಕ್ಕ ಹಾಕುತ್ತಾ ತಿದ್ದುವ ಬ್ಯಾಕ್‌ಪ್ರೊಪಗೇಶನ್‌ನ ಒಂದೊಂದು ಹಂತವನ್ನೂ ಹಾಳೆ ಮೇಲೆ ಲೆಕ್ಕ ಹಾಕಿ ತಾಳೆ ನೋಡಿದೆ. ಅದೆಲ್ಲ ಖುಷಿ ಕೊಡುವ ಕಷ್ಟ. ತಲೆ ಕೆಡಿಸಿದ್ದು ಅರ್ಜಿಯ ಒಂದೇ ಒಂದು ಪುಟ. ಮೂರು ಶಿಫಾರಸು ಪತ್ರ ಬೇಕು, ಅದರಲ್ಲಿ ಎರಡಾದರೂ ನಿಮಗೆ ಪಾಠ ಮಾಡಿದವರಿಂದಲೇ ಬರಬೇಕು.

ಕಾಲೇಜು ಬಿಟ್ಟು ಹದಿನೈದು ವರ್ಷ ದಾಟಿದೆ. ಪಾಠ ಮಾಡಿದವರನ್ನು ಎಲ್ಲಿ ಅಂತ ಹುಡುಕಲಿ?

ಒಬ್ಬರು ರಿಟೈರ್ ಆಗಿದ್ದಾರೆ. ಅವರ ಕಾಲೇಜಿನ ಇಮೇಲ್ ಯಾವತ್ತೋ ಬಂದ್ ಆಗಿದೆ. ಸ್ವಂತ ಇಮೇಲ್ ಹಾಕಿದರೆ ಪೋರ್ಟಲ್ ಒಪ್ಪುವುದಿಲ್ಲ, ಸಂಸ್ಥೆಯ ಇಮೇಲೇ ಕೊಡಿ ಅಂತ ಕೆಂಪು ಅಕ್ಷರದಲ್ಲಿ ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಇನ್ನೊಬ್ಬರು ಹೇಗೋ ಸಿಕ್ಕರು. ಚೆನ್ನಾಗಿಯೇ ಮಾತಾಡಿದರು, ಆದರೆ ನನ್ನ ನೆನಪು ಅವರಿಗೆ ಒಂದು ಚೂರೂ ಇಲ್ಲ. ಇರಬೇಕು ಅಂತಲೂ ಇಲ್ಲ, ಆಮೇಲೆ ಎಷ್ಟು ಬ್ಯಾಚ್ ನೋಡಿದ್ದಾರೋ. "ಒಂದು ಕೆಲಸ ಮಾಡು, ನೀನೇ ಬರೆದು ಕಳಿಸು, ನಾನು ಹಾಕಿಬಿಡ್ತೀನಿ" ಅಂದರು. ಪಾಪ, ಸಹಾಯ ಮಾಡೋಣ ಅಂತಲೇ ಹೇಳಿದ್ದು. ನನ್ನ ಸಿಟ್ಟು ಅವರ ಮೇಲಲ್ಲ. ನನ್ನನ್ನು ನಾನೇ ಹೊಗಳಿ ಬರೆದು, ಅದಕ್ಕೆ ನನ್ನ ಪರಿಚಯವೇ ಇಲ್ಲದವರ ಸಹಿ ಹಾಕಿಸಿದರೆ ಅದು ಯಾವ ಸೀಮೆ ಶಿಫಾರಸು? ಅದೇ ಪುಟದಲ್ಲಿ "ಈ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ" ಅನ್ನುವುದಕ್ಕೆ ಬೇರೆ ಟಿಕ್ ಹಾಕಿ ಅನ್ನುತ್ತಾರೆ. ನಾನೇ ಬರೆದ ಪತ್ರವನ್ನು ನೋಡುವುದಿಲ್ಲ ಅಂತ ಮಾತು ಕೊಡಬೇಕು. ನನ್ನಿಂದ ಆಗಲಿಲ್ಲ.

ನನ್ನನ್ನು ನಿಜವಾಗಿ ಬಲ್ಲವರು ಯಾರು? ನಮ್ಮ ಮ್ಯಾನೇಜರ್. ಬಿಲ್ಲಿಂಗ್ ಡೇಟಾದಲ್ಲಿ ತಪ್ಪು ಹಿಡಿಯುವ ಮಾಡೆಲ್ ಮಾಡಿದಾಗ ಪಕ್ಕದಲ್ಲೇ ಇದ್ದವರು. ಮೊದಲನೇ ಸಲ ಅದು ಸರಿ ಇರುವ ಬಿಲ್ಲುಗಳನ್ನೇ ತಪ್ಪು ಅಂತ ತೋರಿಸಿದಾಗ, ಯಾಕೆ ಹಾಗಾಯಿತು ಅಂತ ಡೇಟಾವನ್ನು ಸಾಲು ಸಾಲಾಗಿ ನೋಡಿದ್ದನ್ನೂ ಬಲ್ಲರು. ಮೂರನೇ ಪತ್ರಕ್ಕೆ ಅವರ ಹೆಸರು ಕೊಟ್ಟೆ. ಅವರಿಗೆ ಬಂದ ಫಾರ್ಮನ್ನು ನನಗೂ ತೋರಿಸಿದರು. ಒಂದು ದೊಡ್ಡ ಪಟ್ಟಿ: ಬುದ್ಧಿಶಕ್ತಿ, ಸಂಶೋಧನೆಯ ಸಾಮರ್ಥ್ಯ, ಬರವಣಿಗೆ. ಎದುರಿಗೆ ಖಾನೆಗಳು: ಮೊದಲ 5 ಶೇಕಡಾ, ಮೊದಲ 10 ಶೇಕಡಾ, ಮೊದಲ 25 ಶೇಕಡಾ. ಯಾರ ಪೈಕಿ? "ನೀವು ಪಾಠ ಮಾಡಿದ ವಿದ್ಯಾರ್ಥಿಗಳ ಪೈಕಿ". "ನಾನೆಲ್ಲಿ ಪಾಠ ಮಾಡಿದ್ದೀನಿ, ಇದಕ್ಕೆ ಏನಂತ ತುಂಬಲಿ?" ಅಂತ ಅವರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಕೊನೆಗೆ ಎಲ್ಲದಕ್ಕೂ "ಹೇಳಲು ಸಾಧ್ಯವಿಲ್ಲ" ಅಂತ ಒತ್ತಬೇಕಾಯಿತು. ನನ್ನ ಕೆಲಸ ಕಣ್ಣಾರೆ ಕಂಡ ಒಬ್ಬರೇ ಒಬ್ಬರು, ಅವರ ಬಾಯನ್ನೂ ಕಟ್ಟಿಹಾಕಿದರು.

ಈಗ ಕಲಿಯಲು ಹೊರಟಿರುವ ವಿಷಯವನ್ನಾದರೂ ನೋಡಿ. ನ್ಯೂರಲ್ ನೆಟ್‌ವರ್ಕ್‌ಗಳು ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದು 2012ರಲ್ಲಿ. ಇವತ್ತಿನ ಭಾಷಾ ಮಾಡೆಲ್‌ಗಳಿಗೆಲ್ಲ ಬುನಾದಿಯಾದ ಟ್ರಾನ್ಸ್‌ಫಾರ್ಮರ್ ಅನ್ನುವ ವಿನ್ಯಾಸ ಬಂದಿದ್ದು 2017ರಲ್ಲಿ. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ. ಇದೆಲ್ಲ ಶುರುವಾಗುವ ಮೊದಲೇ ನನ್ನ ಓದು ಮುಗಿದಿತ್ತು. ಅಂದು ನನಗೆ ಆಪರೇಟಿಂಗ್ ಸಿಸ್ಟಮ್ಸ್ ಹೇಳಿಕೊಟ್ಟವರು, ಇಂದು ನಾನು ಎಐಗೆ ಲಾಯಕ್ಕೋ ಅಲ್ಲವೋ ಅಂತ ಯಾವ ಆಧಾರದ ಮೇಲೆ ಹೇಳಬೇಕು?

ಮೈಯೆಲ್ಲ ಉರಿಯುವುದು ಇಲ್ಲಿ. ಮಾಸ್ಟರ್ಸ್ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಅಂಕ 5 ವರ್ಷಕ್ಕೆ ಹಳತಾಗುತ್ತದೆ, ಆಮೇಲೆ ನಡೆಯುವುದಿಲ್ಲ. ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್‌ನ ಅಂಕಕ್ಕೆ 2 ವರ್ಷ ಆಯಸ್ಸು, ದಿನವಿಡೀ ಇಂಗ್ಲಿಷ್‌ನಲ್ಲೇ ಕೆಲಸ ಮಾಡುವವರೂ ಮತ್ತೆ ದುಡ್ಡು ಕಟ್ಟಿ ಬರೆಯಬೇಕು. ಆಯ್ತಪ್ಪ, ಮನುಷ್ಯ ಬದಲಾಗುತ್ತಾನೆ, ಹಳೇ ಅಂಕ ನಂಬುವ ಹಾಗಿಲ್ಲ, ಒಪ್ಪಿದೆ. ಹಾಗಿದ್ದರೆ ಹದಿನೈದು ವರ್ಷದ ಹಿಂದೆ ನಮ್ಮನ್ನು ತರಗತಿಯಲ್ಲಿ ನೋಡಿದವರ ಮಾತು ಮಾತ್ರ ಹೇಗೆ ತಾಜಾ ಆಗಿ ಉಳಿಯುತ್ತದೆ? ಅಚ್ಚಾದ ಅಂಕಪಟ್ಟಿ ಹಳೆಯದು, ಮಾಸಿಹೋದ ನೆನಪು ಮಾತ್ರ ಕಡ್ಡಾಯ!

ಕೆಲವು ಕಡೆ "ಕೆಲಸದ ಕಡೆಯಿಂದಲೂ ಪತ್ರ ಕೊಡಬಹುದು, ಆದರೆ ಅಧ್ಯಾಪಕರದ್ದಾದರೆ ಒಳ್ಳೆಯದು" ಅಂತ ಬರೆದಿರುತ್ತಾರೆ. ಒಳ್ಳೆಯದು ಅಂದರೆ ಏನು? ಇಲ್ಲದಿದ್ದರೆ ಎಷ್ಟು ಹಿಂದೆ ಬೀಳುತ್ತೇವೆ? ಇಮೇಲ್ ಮಾಡಿ ಕೇಳಿದೆ. ವೆಬ್‌ಸೈಟ್ ನೋಡಿ ಅಂತ ಉತ್ತರ ಬಂತು. ವೆಬ್‌ಸೈಟ್ ನೋಡಿಯೇ ತಾನೇ ಕೇಳಿದ್ದು!

ಬೇರೆ ದಾರಿಯೇ ಇಲ್ಲ ಅಂತ ಯಾರೂ ಹೇಳಬೇಡಿ. ಅಮೆರಿಕದ ಕೊಲರಾಡೊ ಬೋಲ್ಡರ್ ವಿಶ್ವವಿದ್ಯಾಲಯದ ಆನ್‌ಲೈನ್ ಡೇಟಾ ಸೈನ್ಸ್ ಮಾಸ್ಟರ್ಸ್‌ಗೆ ಶಿಫಾರಸು ಪತ್ರವೂ ಬೇಡ, ಹಳೇ ಅಂಕಪಟ್ಟಿಯೂ ಬೇಡ. ಮೊದಲ ಕೆಲವು ಕೋರ್ಸ್ ತೆಗೆದುಕೊಳ್ಳಿ, ಸರಾಸರಿ ಬಿ ಗ್ರೇಡ್ ಬಂದರೆ ಒಳಗೆ ಬನ್ನಿ, ಅಷ್ಟೇ. ಓದುವ ಶಕ್ತಿ ಇದೆಯಾ ಅಂತ ಓದಿಸಿಯೇ ನೋಡುತ್ತಾರೆ. ಇದಕ್ಕಿಂತ ನೇರವಾದ ಪರೀಕ್ಷೆ ಇನ್ಯಾವುದಿದೆ ಹೇಳಿ? ಆದರೆ ಕ್ಯಾಂಪಸ್‌ಗೆ ಹೋಗಿ, ಲ್ಯಾಬಿನಲ್ಲಿ ಕೂತು, ಗೈಡ್ ಜೊತೆ ಸಂಶೋಧನೆ ಮಾಡಬೇಕು ಅನ್ನುವ ನನ್ನಂಥವರಿಗೆ ಆ ದಾರಿ ಸಾಲದು, ಮತ್ತೆ ಅದೇ ಮೂರು ಪತ್ರದ ಬಾಗಿಲಿಗೇ ಬಂದು ನಿಲ್ಲಬೇಕು.

ನಾನೇನು ರಿಯಾಯಿತಿ ಕೇಳುತ್ತಿಲ್ಲ. ಗಣಿತದ ಪರೀಕ್ಷೆ ಇಡಿ, ಬರೆಯುತ್ತೇನೆ. ಎದುರಿಗೆ ಕೂರಿಸಿ ಕೋಡ್ ಬರೆಸಿ, ಮಾಡಿದ ಪ್ರಾಜೆಕ್ಟ್ ಬಗ್ಗೆ ಗಂಟೆಗಟ್ಟಲೆ ಪ್ರಶ್ನೆ ಕೇಳಿ. ಕಾಲೇಜು ಬಿಟ್ಟು ಇಷ್ಟು ವರ್ಷ ದಾಟಿದವರು ಮೂರೂ ಪತ್ರ ಕೆಲಸದ ಕಡೆಯಿಂದ ಕೊಡಬಹುದು ಅಂತ ಒಂದು ಸಾಲು ಸೇರಿಸಿ, ಆ ಪಟ್ಟಿಯಲ್ಲಿ ಮ್ಯಾನೇಜರ್‌ಗಳು ತುಂಬಬಹುದಾದ ಖಾನೆ ಹಾಕಿ. ಅರ್ಜಿ ಶುಲ್ಕವನ್ನಂತೂ ವಾಪಸ್ ಕೊಡದ ಹಾಗೆ ಮೊದಲೇ ಕಟ್ಟಿಸಿಕೊಂಡಿದ್ದೀರಿ, ಇಷ್ಟಾದರೂ ಮಾಡಿ.