ವಿಭೂತಿಯಾದ ಕುಂಕುಮ

"ವಿಭೂತಿ ರಾಶಿ ಚೆನ್ನಾಗಿ ಬಂದಿದೆ ಸಾರ್" ಎಂದರು ಪಕ್ಕದಲ್ಲಿ ಕೂತಿದ್ದವರು.

ಅದು ಕುಂಕುಮ.

ನಾವು ಆರೇಳು ಜನ ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ತೆಗೆದ ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಬ್ಬರನ್ನೊಬ್ಬರು ಬೈಯುತ್ತೇವೆ. ಅದಕ್ಕೆ ನಮ್ಮಲ್ಲಿ ಫೀಡ್‌ಬ್ಯಾಕ್ ಅನ್ನುತ್ತಾರೆ. ಈ ಸಲ ಕಪ್ಪು ಬಿಳುಪು ಮಾತ್ರ. ನಾನು ಒಯ್ದದ್ದು ಮೈಸೂರಿನ ದೇವರಾಜ ಮಾರ್ಕೆಟ್ಟಿನ ಕುಂಕುಮದ ಅಂಗಡಿ. ಹೆಂಡತಿ ಏನೋ ತರಲು ಕಳಿಸಿದ್ದಳು, ಕ್ಯಾಮೆರಾ ಹೆಗಲಲ್ಲಿತ್ತು. ಆಮೇಲೆ ಕಂಪ್ಯೂಟರಿನಲ್ಲಿ, ಮೇಲಿನ ಚೂರು ಆಕಾಶ ಕಪ್ಪಾಗಲಿ ಅಂತ ಕೆಂಪು ಫಿಲ್ಟರ್ ಹಾಕಿದೆ. ಆಕಾಶವೇನೋ ಕಪ್ಪಾಯಿತು. ಆದರೆ ಕೆಂಪು ಫಿಲ್ಟರ್ ಕೆಂಪನ್ನೆಲ್ಲ ಬೆಳ್ಳಗೆ ಮಾಡಿಬಿಡುತ್ತದೆ.

ಒಬ್ಬರು ಎಡಗಡೆ ಕ್ರಾಪ್ ಮಾಡಿ ಎಂದರು. ಇನ್ನೊಬ್ಬರು ಬಲಗಡೆ. ಇಬ್ಬರ ಮಾತನ್ನೂ ಕೇಳಿದ್ದರೆ ತಕ್ಕಡಿ ಮಾತ್ರ ಉಳಿಯುತ್ತಿತ್ತು. ಮೂರನೆಯವರು ಕನ್ನಡಕ ಏರಿಸಿ, "ಕಪ್ಪು ಇನ್ನೂ ಕಪ್ಪಾಗಬೇಕಿತ್ತು" ಎಂದರು. ಪ್ರತಿ ತಿಂಗಳೂ ಇದೇ ಮಾತು.

ಕಪ್ಪು ಅಂದರೆ ಏನು ಅಂತ ಇವರಿಗೇನು ಗೊತ್ತು? 1980ರ ದಶಕದಲ್ಲಿ ನಮ್ಮ ಬಚ್ಚಲುಮನೆಯೇ ನನ್ನ ಡಾರ್ಕ್‌ರೂಮು, ಅಂದರೆ ಫೋಟೋ ತೊಳೆಯುವ ಕತ್ತಲೆಕೋಣೆ. ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಅನ್ನುವ ಹೆಸರಿನ ಫಿಲಂ. ಹಂಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಚಿತ್ರ ದೊಡ್ಡದು ಮಾಡುವ ಎನ್‌ಲಾರ್ಜರ್, ನೆಲದ ಮೇಲೆ ಮೂರು ಟ್ರೇ. ಚಿತ್ರ ಮೂಡಿಸುವ ದ್ರಾವಣ, ಡೆವಲಪರ್, 20 ಡಿಗ್ರಿಯಲ್ಲಿರಬೇಕು. ಏಪ್ರಿಲ್‌ನಲ್ಲಿ ಎಲ್ಲಿಂದ ತರೋದು? ಎದುರುಮನೆಯ ಫ್ರಿಜ್ಜಿನಿಂದ ಐಸ್ ಕೇಳಿ ತರುತ್ತಿದ್ದೆ. ರಾತ್ರಿ ಹತ್ತು ಗಂಟೆಗೆ ಐಸ್ ಕೇಳುವ ಹುಡುಗನ ಬಗ್ಗೆ ಅವರಿಗೆ ಸಹಜವಾಗಿಯೇ ಅನುಮಾನ ಬಂತು. ಅಮ್ಮನ ಕಿವಿಗೆ ಹಾಕಿದರು. ಒಂದು ರಾತ್ರಿ, ಬೆಳಕು ಬಿದ್ದರೆ ಕೆಡುವ ಫೋಟೋ ಕಾಗದ ಡೆವಲಪರ್ ಟ್ರೇಯಲ್ಲಿ ತೇಲುತ್ತಿರುವಾಗಲೇ, ಅಮ್ಮ ಬಾಗಿಲು ತಳ್ಳಿದಳು. ಒಳಗೆ ಕೆಂಪು ಬಲ್ಬು, ಹೈಪೋ ಅನ್ನುವ ರಾಸಾಯನಿಕದ ವಾಸನೆ, ಕೈಯಲ್ಲಿ ಚಿಮಟ ಹಿಡಿದು ಕುಕ್ಕರಗಾಲಲ್ಲಿ ಕೂತ ಮಗ. ಕುಡಿದಿದ್ದರೇ ವಾಸಿಯಿತ್ತು ಅನ್ನುವ ಹಾಗೆ ನೋಡಿದಳು. ಹಜಾರದ ಟ್ಯೂಬ್‌ಲೈಟ್ ಬೆಳಕು ಬಿದ್ದು, ಕಾಗದ ನನ್ನ ಕಣ್ಣೆದುರೇ ಅಂಚಿನಿಂದ ಅಂಚಿಗೆ ಕಪ್ಪಾಯಿತು. ಅಂಥ ಕಪ್ಪು ಆಮೇಲೆ ನನ್ನ ಯಾವ ಪ್ರಿಂಟಿನಲ್ಲೂ ಬಂದಿಲ್ಲ.

ಇದನ್ನೆಲ್ಲ ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಸಂಡೂರಿನ ಎಂ.ವೈ. ಘೋರ್ಪಡೆಯವರ ಹೆಸರು ಎತ್ತಿದರು. ರಾಜ್ಯದ ಹಣಕಾಸು ಸಚಿವರಾಗಿದ್ದುಕೊಂಡು ಕಾಡು ಸುತ್ತಿ ಕಪ್ಪು ಬಿಳುಪಿನಲ್ಲಿ ಎಂಥ ಪ್ರಾಣಿಗಳನ್ನು ತೆಗೆದರು ಅಂತ. ಒಪ್ಪಿದೆ. ದೊಡ್ಡವರು. ಆದರೆ ಆನೆಗೇನು, ಅದು ಹುಟ್ಟಿದ್ದೇ ಬೂದು ಬಣ್ಣದಲ್ಲಿ. ಕುಂಕುಮದ ಕಷ್ಟ ಅದಕ್ಕಿಲ್ಲ. ಇದನ್ನೂ ನಾನು ಗಟ್ಟಿಯಾಗಿ ಹೇಳಲಿಲ್ಲ. ಕಾಫಿ ಕುಡಿದೆ.

ಮನೆಗೆ ಬಂದು ಫೋಟೋವನ್ನು ಟೇಬಲ್ ಮೇಲೆ ಬಿಸಾಕಿದೆ. ಹೆಂಡತಿ ಕೈಗೆತ್ತಿಕೊಂಡು ತುಂಬಾ ಹೊತ್ತು ನೋಡಿದಳು. ಇವಳಾದರೂ ನೆರಳು ಬೆಳಕಿನ ಬಗ್ಗೆ ಏನಾದರೂ ಹೇಳುತ್ತಾಳೆ ಅಂತ ಕಾದೆ.

"ರೀ, ಇವರು ಆ ಕುಂಕುಮದ ಅಂಗಡಿಯವರಲ್ವಾ?"

"ಹೌದು!" ಎಂದೆ, ಖುಷಿಯಿಂದ.

"ಅಲ್ಲಿವರೆಗೂ ಹೋಗಿ, ಕುಂಕುಮ ತರದೇ ಬಂದ್ರಾ?"