ಗೌರಮ್ಮನ ಡೈರಿ ಬರೆಯುವುದಾದರೆ

ರಾಜಕುಮಾರಿಯರ ಡೈರಿ ಅಂತ ಮಕ್ಕಳಿಗಾಗಿ ಬರೆಯುವ ಕಥೆಗಳು ನನಗೆ ತುಂಬಾ ಇಷ್ಟ. ಆದರೆ "ಕಲ್ಪನೆ ತಾನೇ, ಮಕ್ಕಳ ಪುಸ್ತಕಕ್ಕೆ ಅಷ್ಟೆಲ್ಲ ಇತಿಹಾಸ ಯಾಕೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದೊಡ್ಡವರ ಕಾದಂಬರಿಗಿಂತ ಜಾಸ್ತಿ ಎಚ್ಚರ ಬೇಕಾಗಿರುವುದು ಇಲ್ಲೇ. ಕಾದಂಬರಿ ಅಂದ್ರೆ ಕಥೆ ಅಂತ ಮಗುವಿಗೂ ಗೊತ್ತು. ಡೈರಿ ಹಾಗಲ್ಲ. ಮೇಲೆ ತಾರೀಕು, ಕೆಳಗೆ "ನಾನು ಇವತ್ತು" ಅಂತ ಶುರು. ಅಕ್ಕನ ಮಗಳು ಅಂಥದ್ದೊಂದು ಪುಸ್ತಕ ಓದಿ ಮುಗಿಸಿ, "ಚಿಕ್ಕಮ್ಮ, ಈ ಡೈರಿ ಈಗ ಯಾವ ಮ್ಯೂಸಿಯಂನಲ್ಲಿದೆ?" ಅಂತ ಕೇಳಿದಳು. ಇದು ಕಲ್ಪನೆ ಅಂತ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ತೋರಿಸಿದೆ. ಅವಳಿಗೆ ಸಿಟ್ಟೇ ಬಂತು. ಬರಬೇಕಾದ್ದೇ.

ಇಂಥ ಪುಸ್ತಕಕ್ಕೆ ಹೇಳಿ ಮಾಡಿಸಿದ ಹುಡುಗಿ ನಮ್ಮ ಕೊಡಗಿನ ಅರಸುಮನೆಯಲ್ಲೇ ಇದ್ದಳು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ. 1852ರಲ್ಲಿ ಅಪ್ಪನ ಜೊತೆ ಲಂಡನ್ನಿಗೆ ಹೋದಾಗ ಅವಳಿಗೆ ಹನ್ನೊಂದೂ ತುಂಬಿರಲಿಲ್ಲ. ಅದೇ ವರ್ಷ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವಳನ್ನು ಕ್ರೈಸ್ತ ಧರ್ಮಕ್ಕೆ ಸೇರಿಸಿದರು. ವಿಕ್ಟೋರಿಯಾ ರಾಣಿಯೇ ಗಾಡ್‌ಮದರ್, ರಾಣಿಯ ಹೆಸರೇ ಹುಡುಗಿಗೂ. ಅಲ್ಲಿಂದ ಅಪ್ಪನಿಂದ ದೂರವಾಗಿ ಇಂಗ್ಲಿಷರ ಮನೆಯಲ್ಲಿ ಬೆಳೆದಳು. 1860ರಲ್ಲಿ ತನಗಿಂತ ತುಂಬಾ ದೊಡ್ಡವನಾದ ಕರ್ನಲ್ ಕ್ಯಾಂಪ್‌ಬೆಲ್ ಜೊತೆ ಮದುವೆ, ಮರುವರ್ಷ ಒಬ್ಬಳು ಮಗಳು, 1864ರಲ್ಲಿ ಸಾವು. ಇಪ್ಪತ್ತಮೂರು ತುಂಬುವ ಮೊದಲೇ.

ಇವಳ ಡೈರಿಯನ್ನು ಅವಸರದಲ್ಲಿ ಬರೆಯಲು ಕೂತವರ ಮೊದಲ ಪುಟ ಹೇಗಿರುತ್ತದೆ ಅಂತ ಈಗಲೇ ಹೇಳಬಲ್ಲೆ. ಮಡಿಕೇರಿ ಕೋಟೆ, ಮಂಜು, ನೆರಿಗೆ ಹಿಂದಕ್ಕೆ ಹಾಕಿ ಕೊಡವತಿಯರಂತೆ ಸೀರೆ ಉಟ್ಟ ಪುಟ್ಟ ಗೌರಮ್ಮ, ಕಾಫಿ ಹೂವಿನ ಘಮ, ಸಿಲ್ವರ್ ಓಕ್ ನೆರಳು, ಮಧ್ಯಾಹ್ನಕ್ಕೆ ಪಂದಿ ಕರಿ ಅನ್ನುವ ಹಂದಿ ಮಾಂಸದ ಅಡುಗೆ. ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಅವಳು ಹುಟ್ಟಿದ್ದೇ ಕಾಶಿಯಲ್ಲಿ, 1841ರಲ್ಲಿ. ಬ್ರಿಟಿಷರು ಅಪ್ಪನನ್ನು ಪಟ್ಟದಿಂದ ಇಳಿಸಿ ಆಗಲೇ ಏಳು ವರ್ಷ ಆಗಿತ್ತು. ಅವಳ ಮನೆತನದವರಾದ ಹಾಲೇರಿ ಅರಸರು ಕೊಡವರಲ್ಲ, ಲಿಂಗಾಯತರು, ಹಾಗಾಗಿ ಆ ಸೀರೆ, ಆ ಊಟ ಎರಡನ್ನೂ ಅವಳಿಗೆ ಕೊಡುವ ಮೊದಲು ಯೋಚಿಸಬೇಕು. ಬ್ರಿಟಿಷ್ ಪ್ಲಾಂಟರುಗಳ ದೊಡ್ಡ ತೋಟಗಳು ಎದ್ದಿದ್ದು 1850ರ ನಂತರ. ಸಿಲ್ವರ್ ಓಕ್ ಅಂತೂ ಆಸ್ಟ್ರೇಲಿಯಾದ ಮರ. ಇವತ್ತಿನ ಕೊಡಗನ್ನು ಎತ್ತಿ ಅವಳ ಕಾಲಕ್ಕೆ ಅಂಟಿಸಿದರೆ ಅವಳ ನಿಜವಾದ ನೋವೇ ಅಳಿಸಿಹೋಗುತ್ತದೆ. ಕೊಡಗಿನ ರಾಜಕುಮಾರಿ ಅಂತ ಎಲ್ಲರೂ ಕರೆಯುವ ಹುಡುಗಿ ಹುಟ್ಟಿದ್ದೂ ಬೇರೆ ಕಡೆ, ಮಣ್ಣಾಗಿದ್ದೂ ಬೇರೆ ಕಡೆ. ಇದಕ್ಕಿಂತ ದೊಡ್ಡ ಕಥೆ ಬೇಕಾ?

ಅವಳ ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನು ಲೇಖಕರು ಧಾರಾಳವಾಗಿ ಕಲ್ಪಿಸಲಿ, ಅದಕ್ಕೇ ಕಥೆ ಇರುವುದು. ಆದರೆ ಅವಳ ಬಾಯಲ್ಲಿ 2020ರ ಭಾಷಣ ಬೇಡ. ಮುಂದೆ ಏನಾಗುತ್ತದೆ ಅಂತ ಅವಳಿಗೆ ಗೊತ್ತಿರುವ ಹಾಗೆಯೂ ಬರೆಯಬಾರದು.

ಇನ್ನೊಂದು ಮಾತು. ವಿಕ್ಟೋರಿಯಾ ಡೈರಿ ಶುರು ಮಾಡಿದ್ದು 1832ರಲ್ಲಿ, ಹದಿಮೂರರ ವಯಸ್ಸಿನಲ್ಲಿ. ಅದನ್ನು ಅವಳ ಅಮ್ಮ ಓದುತ್ತಿದ್ದಳು. ಅಮ್ಮ ನೋಡ್ತಾಳೆ ಅಂತ ಗೊತ್ತಿದ್ದ ಹುಡುಗಿ ಮನಸ್ಸಿನ ಮಾತನ್ನು ಎಷ್ಟು ಬರೆದಾಳು? ರಾಣಿ ಸತ್ತ ಮೇಲೆ ಮಗಳು ಬಿಯಾಟ್ರಿಸ್ ಡೈರಿಗಳನ್ನು ತಿದ್ದಿ ನಕಲು ಮಾಡಿ, ಮೂಲ ಪುಸ್ತಕಗಳಲ್ಲಿ ಹೆಚ್ಚಿನವನ್ನು ಸುಟ್ಟಳು. ನಿಜವಾದ ರಾಜಮನೆತನದ ಡೈರಿ ಅಂದ್ರೆ ಇದು! ಹೀಗಿರುವಾಗ ಪರರ ಮನೆಯಲ್ಲಿ, ಪರರ ಕಣ್ಣೆದುರು ಬೆಳೆದ ಗೌರಮ್ಮ ಯಾವ ಭಾಷೆಯಲ್ಲಿ ಬರೆದಾಳು, ಎಲ್ಲಿ ಬಚ್ಚಿಟ್ಟಾಳು, ಅಪ್ಪನ ಬಗ್ಗೆ ಏನು ಬರೆಯಲು ಹೆದರಿಯಾಳು? ಈ ಪ್ರಶ್ನೆ ಹಿಡಿದು ಹೊರಟರೆ ಇತಿಹಾಸವೇ ಕಥೆಗೆ ದಾರಿ ತೋರಿಸುತ್ತದೆ.

ಹಿಂದಿನ ಪುಟಗಳಲ್ಲಿ ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಅಂತ ಮಕ್ಕಳಿಗೆ ಅರ್ಥವಾಗುವ ಹಾಗೆ, ದೊಡ್ಡ ಅಕ್ಷರದಲ್ಲಿ ಹಾಕಿ. ಮುನ್ನುಡಿಯಲ್ಲೇ ಹೇಳಿದರೆ ಇನ್ನೂ ಒಳ್ಳೆಯದು.

ಕನ್ನಡದಲ್ಲಿ ಇದನ್ನು ಬರೆಯುವವರು ಯಾರಾದರೂ ಇದ್ದರೆ ದಯವಿಟ್ಟು ಮಡಿಕೇರಿಗೆ ಬನ್ನಿ. ಕೋಟೆ, ಅರಸರ ಸಮಾಧಿಗಳಿರುವ ಗದ್ದುಗೆ, ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ, ಎಲ್ಲ ಕಡೆಗೂ ನಾನೇ ಕರೆದುಕೊಂಡು ಹೋಗುತ್ತೇನೆ. ಅಪ್ಪ ಕಳೆದುಕೊಂಡದ್ದು ಏನು ಅಂತ ನೋಡದೆ ಮಗಳ ಡೈರಿ ಬರೆಯಲು ಆಗುವುದಿಲ್ಲ.